ಮಳೆಗಾಲದ ಬೈಕು ಸವಾರಿಗೆ ಎಂಥ ಮಳೆಯಂಗಿ?

ಮೃಗಶಿರಾ ಮಳೆ ಹಿಡಿದಲ್ಲಿಂದ ಹುಬ್ಬೆ, ಉತ್ತರೆಗಳು ಕಳೆಯುವವರೆಗೆ ನಮ್ಮ ಹಾವೇರಿ ಸೀಮೆಯ ಮನೆಗಳಲ್ಲಿ ಒಂದು ಚರ್ಚೆ ತಪ್ಪುವುದಿಲ್ಲ. ಮಗ ಮೋಟೆಬೆನ್ನೂರಿನಿಂದ ರಾಣೆಬೆನ್ನೂರಿಗೆ ಕೆಲಸಕ್ಕೆ ಹೋಗಬೇಕು. ಸೊಸೆ ಬ್ಯಾಡಗಿಯ ಶಾಲೆಗೆ ಪಾಠ ಹೇಳಲು ಹೋಗಬೇಕು. ಇಬ್ಬರಿಗೂ ದ್ವಿಚಕ್ರವಾಹನವೇ ಗತಿ. ಅಂಗಡಿಯಲ್ಲಿ ಕೆಲವು ನೂರು ರೂಪಾಯಿಯ ರೇನ್‌ಕೋಟೂ ಇದೆ, ಅದರ ಹತ್ತಿಪ್ಪತ್ತು ಪಟ್ಟು ಬೆಲೆಯ ಜಾಕೆಟ್ಟೂ ಇದೆ. ಎರಡನ್ನೂ ‘ವಾಟರ್‌ಪ್ರೂಫ್’ ಎಂದೇ ಮಾರುತ್ತಾರೆ. ದುಬಾರಿಯದಕ್ಕೆ ‘ಉಸಿರಾಡುವ ಬಟ್ಟೆ’ ಎಂಬ ಬಿರುದು ಬೇರೆ. ಈ ಬಿರುದಿಗೆ ಅಷ್ಟು ಹಣ ಕೊಡಬೇಕೇ, ಕೊಟ್ಟರೆ ನಮ್ಮ ಮಳೆಯಲ್ಲಿ ಅದು ಫಲಿಸೀತೇ ಎಂಬುದನ್ನು ತಾವೂ ನಾವೂ ಸೇರಿ ಇಲ್ಲಿ ಪರಿಶೀಲಿಸೋಣ.

ಮೊದಲು ಮಳೆಯ ಲೆಕ್ಕವನ್ನು ನೋಡಬೇಕು. ನಿಂತವನ ಮೇಲೆ ಬೀಳುವ ಮಳೆಯೂ ವಾಹನದಲ್ಲಿ ಓಡುವವನಿಗೆ ಬಡಿಯುವ ಮಳೆಯೂ ಒಂದೇ ಅಲ್ಲ. ದಪ್ಪ ಹನಿಯು ಸೆಕೆಂಡಿಗೆ ಸುಮಾರು ೯ ಮೀಟರು ವೇಗದಲ್ಲಿ ಇಳಿಯುತ್ತದೆ. ಗಂಟೆಗೆ ೬೦ ಕಿಲೋಮೀಟರು ವೇಗದ ಸವಾರನು ಸೆಕೆಂಡಿಗೆ ಸುಮಾರು ೧೭ ಮೀಟರು ಮುಂದೆ ಸಾಗುತ್ತಾನೆ. ಎರಡು ವೇಗಗಳೂ ಕೂಡಿ ಹನಿಯು ಅವನ ಎದೆಗೆ ಸುಮಾರು ೧೯ ಮೀಟರು ವೇಗದಲ್ಲಿ ಬಡಿಯುತ್ತದೆ. ಬಡಿತದ ಶಕ್ತಿ ನಾಲ್ಕು ಪಟ್ಟಿಗೂ ಹೆಚ್ಚಾಗುತ್ತದೆ. ನೀರಿನ ಮೊತ್ತವೂ ಹಾಗೆಯೇ. ಗಂಟೆಗೆ ೧೦ ಮಿಲಿಮೀಟರು ಸುರಿಯುವ ಮಳೆಯಲ್ಲಿ ಸುಮ್ಮನೆ ನಿಂತವನ ಮೇಲೆ ಒಂದು ಗಂಟೆಯಲ್ಲಿ ಒಂದೂವರೆ ಲೀಟರಿನಷ್ಟು ನೀರು ಬಿದ್ದರೆ, ಅದೇ ಮಳೆಯಲ್ಲಿ ಮೇಲೆ ಹೇಳಿದ ವೇಗದಲ್ಲಿ ಸಾಗುವವನ ಮೈಗೆ ಸ್ಥೂಲವಾಗಿ ೧೫ ಲೀಟರು ಎರಚಿದಂತಾಗುತ್ತದೆ. ಅರ್ಧ ಗಂಟೆಯ ದಾರಿಯಲ್ಲಿ ಒಂದು ಸಣ್ಣ ಬಿಂದಿಗೆ ನೀರನ್ನು ಎದೆಯ ಮೇಲೆ ಸುರಿದುಕೊಂಡ ಹಾಗೆ!

ಇದು ಬಟ್ಟೆ ಕೆಡುವ ಮಾತಷ್ಟೇ ಅಲ್ಲ. ಒದ್ದೆ ಬಟ್ಟೆಗೆ ಗಾಳಿ ಬಡಿದಾಗ ನೀರು ಆವಿಯಾಗುತ್ತದೆ. ಒಂದು ಲೀಟರು ನೀರು ಆವಿಯಾಗಲು ಸುಮಾರು ೫೮೦ ಕಿಲೋಕ್ಯಾಲೊರಿ ಶಾಖ ಬೇಕು. ಅದರ ಬಹುಪಾಲನ್ನು ಮೈಯೇ ತೆರಬೇಕಾಗುತ್ತದೆ. ಬೆರಳುಗಳು ಮರಗಟ್ಟುತ್ತವೆ, ಬ್ರೇಕು ಹಿಡಿಯುವುದು ತಡವಾಗುತ್ತದೆ, ಮನಸ್ಸು ದಾರಿಯನ್ನು ಬಿಟ್ಟು ಚಳಿಯ ಕಡೆಗೆ ಹರಿಯುತ್ತದೆ. ಲಾರಿಗಳು ಎಡೆಬಿಡದೆ ಓಡುವ ೪೮ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಅರೆಕ್ಷಣದ ತಡವೂ ದೊಡ್ಡದು. ಆದ್ದರಿಂದ ಮಳೆಯಂಗಿಯನ್ನು ಹೆಲ್ಮೆಟ್ಟಿನ ಸಾಲಿನಲ್ಲಿ ಇಟ್ಟು ಎಣಿಸಬೇಕೇ ಹೊರತು ಶೋಕಿಯ ಸಾಲಿನಲ್ಲಿ ಅಲ್ಲ.

ನಮ್ಮ ಹಿರಿಯರ ಉಪಾಯಗಳು

ಬಯಲುಸೀಮೆಯ ರೈತ ಕರಿಕಂಬಳಿಯ ಕೊಪ್ಪೆ ಹಾಕಿದ. ಮಲೆನಾಡಿನವನು ಗೊರಬು ಹೊತ್ತು ಗದ್ದೆಗಿಳಿದ. ಕುರುಬರು ನೇಯ್ದ ಕಂಬಳಿಯ ಉಣ್ಣೆಯಲ್ಲಿ ಸಹಜವಾದ ಜಿಡ್ಡಿರುತ್ತದೆ. ಹನಿಗಳು ಬಹಳ ಹೊತ್ತು ಮೇಲೆಯೇ ಜಾರುತ್ತವೆ. ಉಣ್ಣೆಯು ತನ್ನ ತೂಕದ ಮೂರರಲ್ಲೊಂದು ಭಾಗದಷ್ಟು ತೇವವನ್ನು ಹೀರಿಯೂ ಮೈಗೆ ತಣ್ಣಗೆ ತಾಗುವುದಿಲ್ಲ. ಒಳಗಿನ ಬೆವರಿನ ಆವಿಯನ್ನು ಹೊರಕ್ಕೂ ಬಿಡುತ್ತದೆ. ಇಂದು ನಾವು ಬೆಲೆ ತೆತ್ತು ಕೊಳ್ಳುವ ಗುಣವೇ ಅದು. ಆದರೆ ನೆನೆದ ಕಂಬಳಿ ಭಾರ. ಬೈಕಿನ ಗಾಳಿಗೆ ಅದು ನಿಲ್ಲದು, ಚಕ್ರಕ್ಕೆ ಸಿಕ್ಕರೆ ಅನಾಹುತ.

ನೀರನ್ನು ಪೂರ್ತಿ ತಡೆಯುವ ಬಟ್ಟೆಗೆ ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂತೋಷ್ ೧೮೨೩ರಲ್ಲಿ ಪೇಟೆಂಟು ಪಡೆದ. ನ್ಯಾಫ್ತಾದಲ್ಲಿ ಕರಗಿಸಿದ ರಬ್ಬರನ್ನು ಎರಡು ಬಟ್ಟೆಗಳ ನಡುವೆ ಸವರಿ ಅಂಟಿಸುವುದು ಅವನ ಉಪಾಯ. ಇಂದಿನ ಅಗ್ಗದ ಪ್ಲಾಸ್ಟಿಕ್ ಕೋಟು ಅದೇ ವಂಶದ ಕುಡಿ. ಇದರಲ್ಲಿ ಹೊರಗಿನ ನೀರು ಒಳಬರುವುದಿಲ್ಲ, ನಿಜ. ಒಳಗಿನ ನೀರೂ ಹೊರಹೋಗುವುದಿಲ್ಲ. ಸುಮ್ಮನೆ ಕುಳಿತವನ ಚರ್ಮ ಮತ್ತು ಉಸಿರುಗಳಿಂದಲೂ ದಿನಕ್ಕೆ ಅರ್ಧ ಲೀಟರಿಗೂ ಹೆಚ್ಚು ನೀರು ಆವಿಯಾಗಿ ಹೋಗುತ್ತಿರುತ್ತದೆ. ಸವಾರಿಯಲ್ಲಿ ಬೆವರು ಬೇರೆ. ಈ ಆವಿಯು ತಣ್ಣನೆಯ ಪ್ಲಾಸ್ಟಿಕ್ಕಿನ ಒಳಮೈಗೆ ತಾಗಿ ಹನಿಗಟ್ಟುತ್ತದೆ. ‘ಕೋಟು ಸೋರಿತು’ ಎಂದು ಅಂಗಡಿಯವನನ್ನು ಬೈಯುವವರಲ್ಲಿ ಎಷ್ಟೋ ಜನರನ್ನು ತೋಯಿಸಿದ್ದು ಅವರದೇ ಬೆವರು.

‘ಉಸಿರಾಡುವ ಬಟ್ಟೆ’ ಎಂದರೇನು?

೧೯೬೯ರಲ್ಲಿ ಅಮೆರಿಕದ ಬಾಬ್ ಗೋರ್ ಎಂಬಾತ ಟೆಫ್ಲಾನ್ ಜಾತಿಯ ವಸ್ತುವನ್ನು ಕಾಯಿಸಿ ಥಟ್ಟನೆ ಎಳೆದ. ಅದು ಹರಿಯದೆ ಹಿಗ್ಗಿ, ಅಸಂಖ್ಯ ಸೂಕ್ಷ್ಮರಂಧ್ರಗಳುಳ್ಳ ಪೊರೆಯಾಯಿತು. ಗೋರ್‌ಟೆಕ್ಸ್ ಎಂಬ ಬಟ್ಟೆಯ ಮೂಲ ಇದು. ಅದರ ಒಂದೊಂದು ರಂಧ್ರವೂ ನೀರಹನಿಗಿಂತ ಸುಮಾರು ೨೦,೦೦೦ ಪಾಲು ಚಿಕ್ಕದು, ಆವಿಯ ಕಣಕ್ಕಿಂತ ಸುಮಾರು ೭೦೦ ಪಾಲು ದೊಡ್ಡದು. ಹನಿ ನುಸುಳಲಾರದು, ಆವಿ ನುಸುಳೀತು. ರಂಧ್ರವಿಲ್ಲದೆಯೇ ತೇವವನ್ನು ಒಂದು ಮಗ್ಗುಲಲ್ಲಿ ಹೀರಿ ಇನ್ನೊಂದು ಮಗ್ಗುಲಲ್ಲಿ ಬಿಡುವ ಪಾಲಿಯುರೆಥೇನ್ ಪೊರೆಗಳೂ ಇವೆ.

ಇಲ್ಲಿ ಶಬ್ದದ ವಿಚಾರವಾಗಿ ಒಂದು ಮಾತು. ‘ಉಸಿರಾಡುವುದು’ ಎಂದೊಡನೆ ಗಾಳಿ ಹಾಯುತ್ತದೆಂದು ನಾವು ತಿಳಿಯುತ್ತೇವೆ. ಗಾಳಿ ಧಾರಾಳವಾಗಿ ಹಾಯುವ ಬಟ್ಟೆ ಬೈಕಿನ ಮೇಲೆ ಮಳೆಯನ್ನೂ ಹಾಯಿಸುತ್ತದೆ. ಈ ಬಟ್ಟೆ ಬಿಡುವುದು ಆವಿಯನ್ನು ಮಾತ್ರ. ಆದ್ದರಿಂದ ‘ಆವಿಬಿಡುವ ಬಟ್ಟೆ’ ಎಂಬುದೇ ಸರಿಯಾದ ಹೆಸರು. ಹೆಸರು ಸರಿಯಾದರೆ ಅರ್ಧ ಗೊಂದಲ ಕಳೆಯುತ್ತದೆ.

ಆವಿ ತಾನಾಗಿ ಹೊರಡುವುದಿಲ್ಲ. ಒಳಗೆ ಹೆಚ್ಚು, ಹೊರಗೆ ಕಡಿಮೆ ಇದ್ದಾಗ ಮಾತ್ರ ಹೊರಡುತ್ತದೆ. ಬೆವರಿದ ಮೈಗೂ ೫ ಡಿಗ್ರಿಯ ಯೂರೋಪಿನ ಚಳಿಮಳೆಗೂ ಇರುವ ಆವಿಯ ಒತ್ತಡದ ಅಂತರವನ್ನು, ಅದೇ ಮೈಗೂ ೨೪ ಡಿಗ್ರಿಯ ನಮ್ಮ ತೇವದ ಗಾಳಿಗೂ ಇರುವ ಅಂತರದೊಡನೆ ಹೋಲಿಸಿದರೆ, ನಮ್ಮದು ಸುಮಾರು ಅರ್ಧದಷ್ಟಾಗುತ್ತದೆ. ಎಂದಮೇಲೆ ಅಲ್ಲಿ ಹೊಗಳಿಸಿಕೊಂಡ ಬಟ್ಟೆ ಇಲ್ಲಿ ಅಷ್ಟೇ ಕೆಲಸ ಮಾಡೀತೆಂದು ನಂಬಬಾರದು. ಮೇಲುಬಟ್ಟೆ ನೀರು ಕುಡಿದು ತೊಯ್ದರೆ ಇದ್ದ ಕೆಲಸವೂ ಕುಂಠಿತವಾಗುತ್ತದೆ.

ಕೊಳ್ಳುವಾಗ ನೋಡಬೇಕಾದುವು

ಚೀಟಿಯ ಮೇಲೆ ೫,೦೦೦ ಅಥವಾ ೧೦,೦೦೦ ಮಿಲಿಮೀಟರು ಎಂದಿದ್ದರೆ, ಅಷ್ಟು ಎತ್ತರದ ನೀರಿನ ಕಂಬದ ಒತ್ತಡವನ್ನು ಬಟ್ಟೆ ತಡೆಯುತ್ತದೆಂದು ಅರ್ಥ. ೬೦ ಕಿಲೋಮೀಟರು ವೇಗದ ಗಾಳಿಯ ಒತ್ತಡ ಬರಿಯ ೧೭ ಮಿಲಿಮೀಟರಿನಷ್ಟು. ಆದರೆ ೭೦ ಕಿಲೋಗ್ರಾಂ ತೂಕದ ಮನುಷ್ಯ ಒದ್ದೆ ಸೀಟಿನ ಮೇಲೆ ಕುಳಿತಾಗ ಅದು ೭೦೦ ಮಿಲಿಮೀಟರಿಗೆ ಏರುತ್ತದೆ. ಮಡಿಕೆ ಬೀಳುವಲ್ಲಿ ಇನ್ನೂ ಹೆಚ್ಚು. ಎಲ್ಲಕ್ಕೂ ಮೊದಲು ಕೂರುವ ಜಾಗವೇ ಒದ್ದೆಯಾಗುವುದು ಇದರಿಂದ. ೫,೦೦೦ ಇದ್ದರೆ ನಿತ್ಯದ ಸವಾರಿಗೆ ಧಾರಾಳವಾಯಿತು. ಆವಿ ಬಿಡುವ ಪ್ರಮಾಣವನ್ನು ಒಂದು ಚದರ ಮೀಟರಿನಿಂದ ದಿನಕ್ಕೆ ಇಷ್ಟು ಗ್ರಾಂ ಎಂದು ಬರೆಯುತ್ತಾರೆ. ಅಳೆಯುವ ಪದ್ಧತಿಗಳು ಬೇರೆಬೇರೆ ಇರುವುದರಿಂದ ಒಂದು ಕಂಪನಿಯ ಅಂಕಿಯನ್ನು ಇನ್ನೊಂದರ ಅಂಕಿಗೆ ಹೋಲಿಸಿ ಮೋಸಹೋಗಬೇಡಿ.

ಬಟ್ಟೆಗಿಂತ ಹೊಲಿಗೆ ಮುಖ್ಯ. ಸೂಜಿ ಹಾಯ್ದಲ್ಲೆಲ್ಲ ತೂತು. ಕೋಟನ್ನು ಒಳಮಗ್ಗುಲಾಗಿ ತಿರುಗಿಸಿ ನೋಡಿ: ಪ್ರತಿ ಹೊಲಿಗೆಯ ಮೇಲೂ ಪಟ್ಟಿ ಅಂಟಿಸಿರಬೇಕು, ಕೂರುವ ಭಾಗದಲ್ಲಿ ಹೊಲಿಗೆಯೇ ಕಡಿಮೆಯಿದ್ದರೆ ಉತ್ತಮ. ಎದೆಯ ಜಿಪ್ಪಿನ ಮೇಲೆ ಅಗಲವಾದ ಮುಚ್ಚಿಗೆ, ಕೊರಳಿಗೂ ಮಣಿಕಟ್ಟಿಗೂ ಬಿಗಿಯುವ ವೆಲ್ಕ್ರೋ ಪಟ್ಟಿ ಇರಲಿ. ಕಂಕುಳಲ್ಲಿಯೂ ಬೆನ್ನಿನಲ್ಲಿಯೂ ಮಳೆ ಬೀಳದಂತೆ ಮರೆಯಾದ ಗಾಳಿಕಿಂಡಿಗಳಿದ್ದರೆ, ನಮ್ಮ ಹವೆಯಲ್ಲಿ ಅವು ದುಬಾರಿ ಪೊರೆಗಿಂತ ಹೆಚ್ಚಿನ ಉಪಕಾರ ಮಾಡುತ್ತವೆ. ಪ್ಯಾಂಟಿನ ಕಾಲು ಬೂಟಿನ ಹೊರಗಿರಲಿ. ಗ್ಲೌಸಿನ ಬಾಯಿ ತೋಳಿನ ಒಳಗಿರಲಿ.

ಬಣ್ಣ ಹಳದಿಯೋ ಕಿತ್ತಳೆಯೋ ಇರಲಿ, ಬೆನ್ನಿಗೆ ಬೆಳಕು ಹೊಳೆಯುವ ಪಟ್ಟಿ ಇರಲಿ. ಮುಸ್ಸಂಜೆಯ ಮಳೆಯಲ್ಲಿ ಕಪ್ಪು ಕೋಟಿನವನು ಹಿಂದಿನ ಲಾರಿಯವನಿಗೆ ಕಾಣುವುದೇ ಇಲ್ಲ. ಪಟಪಟನೆ ಹಾರುವ ಉದ್ದನೆಯ ನಿಲುವಂಗಿ ಬೇಡ. ಅಂಗಿ-ಪ್ಯಾಂಟು ಬೇರೆಬೇರೆ ಇರುವ ಜೋಡಿಯೇ ಕ್ಷೇಮ. ಸೀರೆಯುಟ್ಟು ಹಿಂದೆ ಕೂರುವವರು ಸೆರಗನ್ನೂ ನೆರಿಗೆಯನ್ನೂ ಕೋಟಿನೊಳಗೆ ಸೇರಿಸಿ ಬಿಗಿದುಕೊಳ್ಳಬೇಕು. ದಯವಿಟ್ಟು ಯಾರೂ ಓಡುವ ಬೈಕಿನ ಮೇಲೆ ಕೊಡೆ ಬಿಚ್ಚಬೇಡಿ. ೬೦ ಕಿಲೋಮೀಟರು ವೇಗದಲ್ಲಿ ಬಿಚ್ಚಿದ ಕೊಡೆಯನ್ನು ಗಾಳಿಯು ಹತ್ತು ಕಿಲೋಗ್ರಾಂಗಿಂತ ಹೆಚ್ಚಿನ ಬಲದಿಂದ ಹಿಂದಕ್ಕೆ ಜಗ್ಗುತ್ತದೆ. ಹಿಂದೆ ಕುಳಿತ ತಾಯಿ-ಮಗುವನ್ನು ಕೆಡವಲು ಅಷ್ಟೇ ಸಾಕು.

‘ಆವಿ ಬಿಡುತ್ತದೆ’ ಎಂಬ ಮಾತನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಬಿಸಿನೀರು ತುಂಬಿದ ಲೋಟದ ಬಾಯಿಗೆ ಬಟ್ಟೆಯ ಒಳಮಗ್ಗುಲು ಕೆಳಗಾಗುವಂತೆ ಹೊದಿಸಿ, ಅದರ ಮೇಲೆ ತಣ್ಣನೆಯ ಗಾಜಿನ ಲೋಟವನ್ನು ಬೋರಲು ಹಾಕಿ. ಕೆಲವು ನಿಮಿಷಗಳಲ್ಲಿ ಗಾಜು ಮಸುಕಾದರೆ ಮಾತು ನಿಜ. ತಿಳಿಯಾಗಿಯೇ ಉಳಿದರೆ ಅದು ಬರಿಯ ಪ್ಲಾಸ್ಟಿಕ್ಕು.

ಕೊಂಡಮೇಲೆ ಕಾಪಾಡುವುದೂ ಉಂಟು. ಒದ್ದೆ ಕೋಟನ್ನು ಮಡಿಚಿ ಡಿಕ್ಕಿಯಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆ, ಲೇಪ ಸಿಪ್ಪೆ ಸುಲಿಯುತ್ತದೆ. ನೆರಳಿನಲ್ಲಿ ತೂಗುಹಾಕಿ ಒಣಗಿಸಿ. ಕೊಳೆಯೂ ಜಿಡ್ಡೂ ರಂಧ್ರಗಳನ್ನು ಮುಚ್ಚುವುದರಿಂದ ಸೌಮ್ಯವಾದ ದ್ರವಸೋಪಿನಿಂದ ತೊಳೆದು ಚೆನ್ನಾಗಿ ಜಾಲಾಡಿ. ಬಟ್ಟೆ ಮೆದುವಾಗಿಸುವ ದ್ರಾವಣ ಬೇಡ. ಹನಿ ಮೇಲೆ ಉರುಳದೆ ಬಟ್ಟೆ ನೀರು ಕುಡಿಯತೊಡಗಿದರೆ ಮೇಲಿನ ಲೇಪ ಸವೆದಿದೆಯೆಂದು ತಿಳಿದು ಹೊಸದಾಗಿ ಸಿಂಪಡಿಸಬೇಕು. ಹಳೆಯ ಬಗೆಯ ಲೇಪಗಳ ಫ್ಲೋರಿನ್ ರಾಸಾಯನಿಕಗಳು ಮಣ್ಣು-ನೀರುಗಳಲ್ಲಿ ಬಹುಕಾಲ ಅಳಿಯದೆ ಉಳಿಯುತ್ತವೆ; ಅವಿಲ್ಲದ ಲೇಪಗಳು ಈಗ ದೊರೆಯುತ್ತವೆ, ಅವನ್ನೇ ಆರಿಸಿರಿ.

ಇಷ್ಟರಿಂದ ನಿರ್ಣಯ ಸುಲಭ. ಬಂದುಹೋಗುವ ಮಳೆಯಲ್ಲಿ ಬ್ಯಾಡಗಿಗೋ ರಾಣೆಬೆನ್ನೂರಿಗೋ ಅರ್ಧ ಗಂಟೆ ಹೋಗಿಬರುವವರಿಗೆ ಹೊಲಿಗೆಗೆ ಪಟ್ಟಿ ಹಾಕಿದ, ಗಾಳಿಕಿಂಡಿಯುಳ್ಳ, ಎದ್ದುಕಾಣುವ ಬಣ್ಣದ ಸಾಧಾರಣ ಜೋಡಿ ಸಾಕು. ಉಳಿದ ಹಣದಲ್ಲಿ ಒಳ್ಳೆಯ ಟೈರನ್ನೋ ಹೆಲ್ಮೆಟ್ಟನ್ನೋ ಕೊಳ್ಳಬಹುದು. ಹಾನಗಲ್ಲು ದಾಟಿ ಶಿರಸಿಯ ಕಡೆಗೆ ದಿನವಿಡೀ ಜಡಿಮಳೆಯಲ್ಲಿ ತಿರುಗುವ ಉದ್ಯೋಗವಿದ್ದವರಿಗೆ ಆವಿಬಿಡುವ ಬಟ್ಟೆ ಕೊಟ್ಟ ಬೆಲೆಗೆ ಸಲ್ಲುತ್ತದೆ. ಯಾವುದನ್ನೇ ತೊಟ್ಟರೂ, ಒದ್ದೆಯಾದ ರಸ್ತೆ ಮಾತ್ರ ಒದ್ದೆಯಾಗಿಯೇ ಇರುತ್ತದೆ. ವೇಗ ತಗ್ಗಿಸಿ, ಮುಂದಿನ ಗಾಡಿಯಿಂದ ಅಂತರ ಹೆಚ್ಚಿಸಿ ಹೋಗಿರಿ. ಮನೆಯಲ್ಲಿ ಕಾಯುವವರಿಗೆ ತಾವು ಹತ್ತು ನಿಮಿಷ ತಡವಾಗಿ ಬಂದರೂ ಸಂತೋಷವೇ.