ಕಚ್ಚುವ ಗಿಣಿಗೆ ನವಣೆ ತೆನೆಯ ಮದ್ದು

ನಲವತ್ತು ವರ್ಷ ಎತ್ತು ಪಳಗಿಸಿದ ಕೈ ನನ್ನದು. ಆ ಕೈಗೆ ಕಳೆದ ವರ್ಷ ನೂರು ಗ್ರಾಂ ತೂಕದ ಹಕ್ಕಿಯೊಂದು ಕಚ್ಚಿ ರಕ್ತ ಬರಿಸಿತು.

ನಮ್ಮದು ಹರಿಹರ ತಾಲೂಕಿನ ಉಕ್ಕಡಗಾತ್ರಿ. ತುಂಗಭದ್ರೆಯ ದಂಡೆಯ ಊರು, ನಮ್ಮದು ಭತ್ತದ ಬೇಸಾಯ. ದಾವಣಗೆರೆಯಲ್ಲಿದ್ದ ಅಳಿಯನಿಗೆ ದೂರದೂರಿಗೆ ವರ್ಗವಾದಾಗ ಅವರ ಮನೆಯ ಕಾಕಟೀಲ್ ನಮ್ಮ ಪಡಸಾಲೆಗೆ ಬಂತು. ಇದು ಆಸ್ಟ್ರೇಲಿಯಾ ಮೂಲದ ಸಣ್ಣ ಗಿಣಿ. ಬೂದು ಮೈ, ಹಳದಿ ಜುಟ್ಟು, ಕೆನ್ನೆ ಮೇಲೆ ಕಿತ್ತಳೆ ಬಣ್ಣದ ಬೊಟ್ಟು. ಚೆನ್ನಾಗಿ ಸಾಕಿದರೆ ಹದಿನೈದು-ಇಪ್ಪತ್ತು ವರ್ಷ ಬದುಕುತ್ತದೆ.

ಬಂದ ಮೂರನೇ ದಿನ ನೀರಿನ ಬಟ್ಟಲು ತೆಗೆಯಲು ಕೈ ಹಾಕಿದೆ, ಕಚ್ಚಿತು. ಮರುದಿನ ಆರು ವರ್ಷದ ಮೊಮ್ಮಗಳ ಬೆರಳಿಗೂ ಕಚ್ಚಿತು. ಕೂಸಿನ ಅಳು ಕೇಳಿ ನನಗೆ ಸಿಟ್ಟು ನೆತ್ತಿಗೇರಿತು. ಹೆಗಲ ಮೇಲಿನ ಟವೆಲು ತೆಗೆದು ಪಂಜರಕ್ಕೆ ಬಡಿದೆ. ಹಕ್ಕಿ ಒಳಗೇ ಹಾರಾಡಿ ಸರಳಿಗೆ ಬಡಿದುಕೊಂಡು, ಬಾಲದ ಗರಿ ಕಿತ್ತು ರಕ್ತ ಬಂತು. ಅಂದಿನಿಂದ ನನ್ನನ್ನು ಕಂಡರೆ ಸಾಕು, ಹಾವಿನ ಹಾಗೆ ಬುಸುಗುಡತೊಡಗಿತು.

"ಏನ್ರೀ, ಇದನ್ನ ತಗೊಂಡ್ಹೋಗಿ ಹೊಳಿ ದಂಡಿ ಮರದಾಗ ಬಿಟ್ ಬರ್ರಿ. ಅಲ್ಲಿ ಗಿಣಿ ಹಿಂಡೈತಲ್ಲ" ಎಂದರು ಮನೆಯವರು. ನನಗೂ ಸರಿ ಅನಿಸಿತ್ತು. ಅಷ್ಟರಲ್ಲಿ ಎಮ್ಮೆ ನೋಡಲು ಬಂದ ಪಶುವೈದ್ಯರು ತಡೆದರು. "ಪಂಜರದಾಗ ಹುಟ್ಟಿದ್ದು ಇದು. ಹೊರಗೆ ಕಾಳು ಹುಡುಕೋದು ಗೊತ್ತಿಲ್ಲ, ಗಿಡುಗ ಗೊತ್ತಿಲ್ಲ. ಬಿಟ್ರೆ ಸಾಯ್ತದೆ. ಇದು ಕೆಟ್ಟ ಹಕ್ಕಿ ಅಲ್ಲ ಗೌಡ್ರೇ, ಹೆದರೈತಿ. ನಿಮ್ಮ ಹೋರಿ ಹೆದರಿದ್ರೆ ಬಡೀತೀರೇನು?"

ಆ ಮಾತು ನಾಟಿತು. ಬಡಿಸಿಕೊಂಡ ಕರು ಒದೆಯುವ ಎತ್ತಾಗುತ್ತದೆ ಎಂದು ಊರಿಗೆಲ್ಲ ಹೇಳುವವನು ನಾನು.

ಕಚ್ಚುವ ಮೊದಲೇ ಹೇಳುತ್ತದೆ

ಮುಂದೆ ಒಂದು ವಾರ ಕೈ ಹಾಕದೆ ಬರೀ ನೋಡಿದೆ. ಕಾಕಟೀಲಿನ ಮನಸ್ಸು ಅದರ ಜುಟ್ಟಿನಲ್ಲಿ ಇರುತ್ತದೆ. ಜುಟ್ಟು ಅರ್ಧ ಹಿಂದಕ್ಕೆ ಬಾಗಿದ್ದರೆ ಆರಾಮಾಗಿದೆ. ನೆಟ್ಟಗೆ ನಿಂತರೆ ಬೆಚ್ಚಿದೆ, ಇಲ್ಲವೇ ಏನನ್ನೋ ಗಮನಿಸುತ್ತಿದೆ. ತಲೆಗೆ ಪೂರ್ತಿ ಅಂಟಿ, ಬಾಯಿ ತೆರೆದು ಬುಸುಗುಟ್ಟಿದರೆ 'ಹತ್ತಿರ ಬರಬೇಡ' ಎಂದರ್ಥ. ಕೆಲವೊಮ್ಮೆ ಮೈ ಹಿಂದಕ್ಕೆ ಎಳೆದುಕೊಳ್ಳುತ್ತದೆ, ಕೋಲಿನ ಆ ತುದಿಗೆ ಸರಿಯುತ್ತದೆ. ಇಷ್ಟೆಲ್ಲ ಹೇಳಿದ ಮೇಲೂ ನಾವು ಕೈ ಚಾಚಿದರೆ ಅದಕ್ಕೆ ಉಳಿಯುವುದು ಕೊಕ್ಕು ಒಂದೇ. ಕಚ್ಚಿದ ಕೂಡಲೇ ಕೈ ಹಿಂದೆ ಹೋಗುತ್ತದೆ. 'ಕಚ್ಚಿದರೆ ಕೆಲಸ ಆಗುತ್ತದೆ' ಎಂದು ಹಕ್ಕಿ ಕಲಿಯುತ್ತದೆ. ಕಲಿಸಿದವರು ನಾವೇ.

ಇನ್ನೊಂದು ಮಾತು. ಗಿಣಿಗೆ ಕೊಕ್ಕು ಮೂರನೇ ಕಾಲು ಇದ್ದಂತೆ. ಹೊಸ ಕೊಂಬೆಗೆ ಹತ್ತುವ ಮುನ್ನ ಕೊಕ್ಕಿನಿಂದ ಮುಟ್ಟಿ, ಭಾರ ತಡೆಯುತ್ತದೋ ಇಲ್ಲವೋ ನೋಡುತ್ತದೆ. ನಮ್ಮ ಬೆರಳಿಗೂ ಹಾಗೇ ಮಾಡುತ್ತದೆ. ಕಚ್ಚಿತೆಂದು ಬೆರಳು ಎಳೆದುಕೊಂಡರೆ, ಈ ಕೊಂಬೆ ನಂಬಿಕೆಗೆ ಯೋಗ್ಯವಲ್ಲ ಎಂದುಕೊಂಡು ಮುಂದಿನ ಸಲ ಗಟ್ಟಿಯಾಗಿಯೇ ಹಿಡಿಯುತ್ತದೆ.

ತೆನೆಯಿಂದ ಕೈಗೆ

ಹೊಸ ಕರು ಕೈಗೆ ಬರಲಿ ಎಂದು ನಾವು ಗ್ವಾದಲಿ ಹತ್ತಿರ ಕೂತು ಬೆಲ್ಲ, ಹಿಂಡಿ ತಿನ್ನಿಸುತ್ತೇವೆ. ಗಿಣಿಗೆ ಆ ಜಾಗದಲ್ಲಿ ನವಣೆ ತೆನೆ. ಪೇಟೆಯ ಅಂಗಡಿಗಳಲ್ಲಿ ಹಕ್ಕಿಗೆಂದು ದುಬಾರಿ ಬೆಲೆಗೆ ಮಾರುವ ತೆನೆ ನಮ್ಮ ಹಿರಿಯರು ಬೆಳೆಯುತ್ತಿದ್ದ ಇದೇ ನವಣೆ. ತೆನೆ ಗೇಣುದ್ದ ಇರುವುದರಿಂದ ಬೆರಳು ದೂರ ಇರುತ್ತದೆ. ಹಕ್ಕಿಗೂ ಭಯವಿಲ್ಲ, ನಮಗೂ ಇಲ್ಲ.

ನಾವು ಮಾಡಿದ್ದು ಇಷ್ಟು. ಮೊದಲ ವಾರ ಪಂಜರದ ಪಕ್ಕ ಓರೆಯಾಗಿ ಕೂತು ಮೆಲ್ಲಗೆ ಮಾತಾಡುವುದು, ದಿಟ್ಟಿಸಿ ನೋಡುವಂತಿಲ್ಲ. ಎರಡನೇ ವಾರ ಸರಳಿನ ಸಂದಿಯಿಂದ ತೆನೆಯ ತುದಿ ತೋರಿಸುವುದು. ಅದಾಗಿ ಬಂದು ತಿನ್ನಬೇಕು, ನಾವು ಬಾಯಿಗೆ ಹಿಡಿಯಬಾರದು. ಆಮೇಲೆ ಬಾಗಿಲು ತೆರೆದು ತೆನೆ ಹಿಡಿಯುವುದು. ದಿನದಿನಕ್ಕೆ ತೆನೆ ಚಿಕ್ಕದಾಗುತ್ತದೆ, ಬೆರಳು ಹತ್ತಿರವಾಗುತ್ತದೆ. ಕೊನೆಗೆ ಒಂದು ಕೈಯಲ್ಲಿ ತೆನೆ, ಇನ್ನೊಂದು ಕೈಯ ಬೆರಳು ಅದರ ಎದೆಯ ಕೆಳಗೆ ಕೊಂಬೆಯಂತೆ ಅಡ್ಡ ಹಿಡಿದು "ಹತ್ತು" ಎನ್ನುವುದು. ಬೆರಳು ಅಲ್ಲಾಡಬಾರದು.

ದಿನಕ್ಕೆ ಎರಡು ಸಲ, ಸಲಕ್ಕೆ ಐದು-ಹತ್ತು ನಿಮಿಷ ಸಾಕು. ಜುಟ್ಟು ಅಂಟಿತೋ, ಅವತ್ತಿಗೆ ಅಲ್ಲಿಗೇ ನಿಲ್ಲಿಸಿ ಒಂದು ಹೆಜ್ಜೆ ಹಿಂದೆ ಹೋಗಬೇಕು. ತನ್ನ 'ಬೇಡ' ನಡೆಯುತ್ತದೆ ಎಂದು ಗೊತ್ತಾದ ಹಕ್ಕಿಗೆ ಕಚ್ಚುವ ಅಗತ್ಯವೇ ಬೀಳುವುದಿಲ್ಲ. ತೆನೆ ಈ ಪಾಠದ ಹೊತ್ತಿಗೆ ಮಾತ್ರ. ಉಳಿದ ವೇಳೆ ಬೇರೆ ಕಾಳು, ತೊಳೆದ ಸೊಪ್ಪು, ತರಕಾರಿ. ಬೆಣ್ಣೆಹಣ್ಣು, ಚಾಕೊಲೇಟು ಮಾತ್ರ ಬೇಡ, ಅವು ಗಿಣಿಗೆ ವಿಷ.

ಕಚ್ಚಿದರೆ?

ಕಿರುಚಬಾರದು, ಕೈ ಜಾಡಿಸಬಾರದು, ಕೊಕ್ಕಿಗೆ ಹೊಡೆಯಬಾರದು. ಕೂಗಾಟ ಕೆಲವು ಗಿಣಿಗಳಿಗೆ ಆಟವಾಗಿಬಿಡುತ್ತದೆ. ಹಕ್ಕಿಯನ್ನು ಮೆಲ್ಲಗೆ ಕೋಲಿನ ಮೇಲೆ ಇಳಿಸಿ, ಅರ್ಧ ನಿಮಿಷ ಮುಖ ತಿರುಗಿಸಿ ಸುಮ್ಮನಿರಿ. ಗಾಯವನ್ನು ಸೋಪಿನಿಂದ ತೊಳೆಯಿರಿ. ಆಮೇಲೆ ಏಕೆ ಕಚ್ಚಿತು ಎಂದು ಯೋಚಿಸಿ.

ನಮ್ಮಲ್ಲಿ ಒಂದು ಕಾರಣ ತಡವಾಗಿ ತಿಳಿಯಿತು. ಅಮಾವಾಸ್ಯೆ ಬಂದರೆ ಅಜ್ಜಯ್ಯನ ಗದ್ದುಗೆಗೆ ದೂರದೂರದಿಂದ ಭಕ್ತರು ಬರುತ್ತಾರೆ. ರಾತ್ರಿಯೆಲ್ಲ ಗಾಡಿ, ಜನ, ದೀಪ. ಗಿಣಿಗೆ ಹತ್ತು-ಹನ್ನೆರಡು ತಾಸು ಕತ್ತಲೆಯ ನಿದ್ದೆ ಬೇಕು. ಅಮಾವಾಸ್ಯೆಯ ಮರುದಿನ ಅದು ಸಿಡಿಮಿಡಿಗುಟ್ಟುತ್ತಿದ್ದುದು ಇದಕ್ಕೇ. ಈಗ ಆ ದಿನ ಪಂಜರವನ್ನು ಹಿಂದಿನ ಕೋಣೆಗೆ ಒಯ್ಯುತ್ತೇವೆ. ಮರಿ ಮಾಡುವ ಕಾಲದಲ್ಲಿ, ಪಂಜರದ ಒಳಗೆ ಕೈ ಬಂದಾಗ ಕಚ್ಚುವುದೂ ಸಹಜ. ಸಾಧುವಾಗಿದ್ದ ಹಕ್ಕಿ ಏಕಾಏಕಿ ಕಚ್ಚತೊಡಗಿ, ಗರಿ ಉಬ್ಬಿಸಿಕೊಂಡು ಕೂತರೆ ಕಾಯಿಲೆ ಇರಬಹುದು. ವೈದ್ಯರಿಗೆ ತೋರಿಸಿ.

ಹೊಲದ ಗಿಣಿ ಹೊಲಕ್ಕೇ

ಇದನ್ನು ಓದಿ ಯಾರೂ ಮೆಕ್ಕೆಜೋಳದ ಹೊಲಕ್ಕೆ ಬರುವ ನಮ್ಮ ಹಸಿರು ಗಿಣಿ ಹಿಡಿದು ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ನಮ್ಮ ನಾಡಿನ ಗಿಣಿ ಹಿಡಿಯುವುದು, ಮಾರುವುದು, ಸಾಕುವುದು ಅಪರಾಧ. ಒಣಗಿದ ತೆಂಗಿನ ಮರ ಕಡಿಯುವ ಮೊದಲು ಪೊಟರೆಯಲ್ಲಿ ಮರಿ ಇದೆಯೇ ನೋಡಿ. ಮರಿ ಸಿಕ್ಕರೆ, ಗೂಡು ಉಳಿದಿದ್ದರೆ ಅಲ್ಲಿಗೇ ಇಡಿ, ಇಲ್ಲದಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. ಆಫ್ರಿಕಾದ ಬೂದು ಗಿಣಿಯಂಥ ಕೆಲವು ವಿದೇಶಿ ಜಾತಿ ಸಾಕುವವರು 2024ರ ನಿಯಮದಂತೆ ನೋಂದಣಿಯನ್ನೂ ಮಾಡಿಸಬೇಕು.

ಮೂರು ತಿಂಗಳಿಗೆ ಮೊಮ್ಮಗಳ ಬೆರಳು ಹತ್ತಿತು. "ಅಜ್ಜಾ, ನೋಡಿಲ್ಲಿ, ಕಚ್ಚಲ್ಲ" ಎಂದು ಕೂಸು ಕೂಗಿದ್ದು ಇನ್ನೂ ಕಿವಿಯಲ್ಲಿದೆ. ನನ್ನ ಬೆರಳು ಹತ್ತಲು ಆರು ತಿಂಗಳು ಹಿಡಿಯಿತು. ಈಗಲೂ ಹೆಗಲ ಮೇಲೆ ಟವೆಲು ಕಂಡರೆ ಜುಟ್ಟು ತಲೆಗೆ ಅಂಟುತ್ತದೆ. ಹೊಡೆದವನು ಮರೆತರೂ ಹೊಡೆಸಿಕೊಂಡದ್ದು ಮರೆಯುವುದಿಲ್ಲ. ಅದಕ್ಕೇ ಟವೆಲನ್ನು ಹೊರಗಿನ ಗೂಟಕ್ಕೆ ಹಾಕಿ ಒಳಗೆ ಬರುತ್ತೇನೆ.