ಬರವಣಿಗೆ ಮತ್ತು ಮಾತುಗಾರಿಕೆಯ ಮೌಲ್ಯನಿರ್ಣಯ

ಗಣಿತದ ಉತ್ತರವು ಸರಿಯೋ ತಪ್ಪೋ ಎಂಬ ವಿಷಯದಲ್ಲಿ ಪರೀಕ್ಷಕರೊಳಗೆ ಭಿನ್ನಾಭಿಪ್ರಾಯವು ವಿರಳ. ಆದರೆ ವಿದ್ಯಾರ್ಥಿಯ ಬರವಣಿಗೆಗೆ ಬೆಲೆಕಟ್ಟುವಲ್ಲಿ ವಿದ್ವಾಂಸರೂ ಒಮ್ಮತಕ್ಕೆ ಬರುವುದು ದುರ್ಲಭ. ಈ ಸಂಗತಿಯನ್ನು ಪ್ರಯೋಗಮುಖದಿಂದ ತೋರಿಸಿಕೊಟ್ಟವರಲ್ಲಿ ಅಮೆರಿಕದ ಪಾಲ್ ಡೀಡರಿಕ್ ಮತ್ತು ಅವರ ಸಹೋದ್ಯೋಗಿಗಳು ಗಣ್ಯರು.

1961ರಲ್ಲಿ ಪ್ರಕಟವಾದ ಅವರ ಶೋಧನೆಗೆ ಕಾಲೇಜಿನ ಪ್ರಥಮ ವರ್ಷದ ವಿದ್ಯಾರ್ಥಿಗಳು ಬರೆದ 300 ಪ್ರಬಂಧಗಳೇ ಸಾಮಗ್ರಿ. ಇವನ್ನು ಓದಿದವರು 53 ಮಂದಿ. ಇಂಗ್ಲಿಷ್, ಸಮಾಜವಿಜ್ಞಾನ, ಪ್ರಕೃತಿವಿಜ್ಞಾನಗಳ ಅಧ್ಯಾಪಕರು, ಲೇಖಕರು ಮತ್ತು ಸಂಪಾದಕರು, ವಕೀಲರು, ವ್ಯಾಪಾರಸಂಸ್ಥೆಗಳ ಅಧಿಕಾರಿಗಳು ಎಂದು ಆರು ವರ್ಗದವರು. ಯಾವ ಗುಣವನ್ನು ನೋಡಬೇಕೆಂಬ ಸೂಚನೆಯನ್ನು ಇವರಿಗೆ ಕೊಟ್ಟಿರಲಿಲ್ಲ. ಪ್ರತಿಯೊಬ್ಬರೂ ಸ್ವಂತ ವಿವೇಚನೆಯಂತೆ 9 ದರ್ಜೆಗಳಲ್ಲಿ ವಿಂಗಡಿಸಬೇಕಾಗಿದ್ದಿತು. ನೂರಕ್ಕೆ 94 ಪ್ರಬಂಧಗಳಿಗೆ ಏಳಾಗಲಿ ಎಂಟಾಗಲಿ ಒಂಬತ್ತಾಗಲಿ ಬೇರೆ ಬೇರೆ ದರ್ಜೆಗಳು ದೊರೆತುವು. ಐದಕ್ಕಿಂತ ಕಡಮೆ ದರ್ಜೆಗಳನ್ನು ಪಡೆದ ಪ್ರಬಂಧವು ಒಂದೂ ಇರಲಿಲ್ಲ.

ಇದು ಕೇವಲ ಅಲಕ್ಷ್ಯದ ಫಲವಲ್ಲ. ಓದುಗರ ತೀರ್ಪುಗಳನ್ನು ಪೃಥಕ್ಕರಿಸಲಾಗಿ ಐದು ದೃಷ್ಟಿಗಳು ಕಂಡುಬಂದುವು. ಕೆಲವರು ವಿಚಾರಪುಷ್ಟಿಗೆ, ಕೆಲವರು ವಿಷಯಜೋಡಣೆಗೆ, ಕೆಲವರು ವ್ಯಾಕರಣಶುದ್ಧಿಗೆ, ಕೆಲವರು ಪದಪ್ರಯೋಗಕ್ಕೆ, ಉಳಿದವರು ಶೈಲಿಯ ಸೊಗಸಿಗೆ ಪ್ರಾಧಾನ್ಯವನ್ನಿತ್ತಿದ್ದರು. ಅಳೆಯುವ ಕೊಳಗವೇ ಕೈಯಿಂದ ಕೈಗೆ ಬದಲಾದರೆ ರಾಶಿಯ ಪ್ರಮಾಣವು ತಿಳಿಯುವುದೆಂತು?

ಆದುದರಿಂದ ಅಳತೆಗೆ ಮೊದಲು ಅಳತೆಗೋಲನ್ನು ನಿಶ್ಚಯಿಸುವುದು ಆವಶ್ಯಕ. ಅಮೆರಿಕದ ಕಾಲೇಜು ವಿಶ್ವವಿದ್ಯಾನಿಲಯಗಳ ಸಂಘವು 2009ರಲ್ಲಿ ಹೊರತಂದ 'ವ್ಯಾಲ್ಯೂ' ಮಾನದಂಡಗಳು ಈ ಉದ್ದೇಶದವು. ಬರವಣಿಗೆಯಲ್ಲಿ ಸಂದರ್ಭ ಮತ್ತು ಉದ್ದೇಶ, ವಿಷಯವಿಸ್ತಾರ, ಆಯಾ ಶಾಸ್ತ್ರದ ಸಂಪ್ರದಾಯ, ಆಧಾರಗಳ ಬಳಕೆ, ಭಾಷಾಶುದ್ಧಿ ಎಂಬ ಐದು ಅಂಶಗಳನ್ನು ನಾಲ್ಕು ಮಟ್ಟಗಳಲ್ಲಿ ನೋಡಲಾಗುತ್ತದೆ. ಇವುಗಳಲ್ಲಿ ಮೂರನೆಯದು ಮುಖ್ಯವಾದುದು: ಪ್ರಯೋಗಶಾಲೆಯ ವರದಿಯನ್ನು ಚರಿತ್ರೆಯ ಪ್ರಬಂಧದ ರೂಪದಲ್ಲಿ ನಿರೀಕ್ಷಿಸುವುದು ನ್ಯಾಯವಲ್ಲ. ಮಾತುಗಾರಿಕೆಗೆ ಜೋಡಣೆ, ಭಾಷೆ, ನಿರೂಪಣೆಯ ರೀತಿ, ಪೋಷಕಸಾಮಗ್ರಿ, ಕೇಂದ್ರಾಭಿಪ್ರಾಯ ಇವು ಅಂಶಗಳು. ಧ್ವನಿಮುದ್ರಿಸದ ಮಾತು ಆಡಿದೊಡನೆ ಅಡಗಿಹೋಗುವುದರಿಂದ, ಮರಳಿ ಪರಿಶೀಲಿಸಿ ತೀರ್ಪನ್ನು ತಿದ್ದಿಕೊಳ್ಳಲು ಅಲ್ಲಿ ಅವಕಾಶವಿಲ್ಲ. ಹಾಗಾಗಿ ಅಲ್ಲಿ ಪೂರ್ವಸಿದ್ಧವಾದ ಮಾನದಂಡವು ಇನ್ನೂ ಅಗತ್ಯ.

ಈ ಮಾನದಂಡಗಳು ವ್ಯಕ್ತಿಗೆ ಅಂಕವನ್ನೀಯಲು ರಚಿತವಾದುವಲ್ಲ. ವಿದ್ಯಾಸಂಸ್ಥೆಯು ತನ್ನ ಬೋಧನೆಯ ಫಲವನ್ನು ಅರಿಯಲೆಂದು ರಚಿತವಾದುವು. ಆದರೂ ಇವುಗಳ ಹಿಂದಿರುವ ತತ್ತ್ವವು ಸರ್ವತ್ರ ಅನ್ವಯಿಸುತ್ತದೆ. ಪರೀಕ್ಷಕರು ಮೊದಲು ಕೆಲವು ಮಾದರಿಗಳನ್ನು ಕೂಡಿ ಓದಿ ತಮ್ಮ ದೃಷ್ಟಿಗಳನ್ನು ಹೊಂದಿಸಿಕೊಳ್ಳಬೇಕು. ನಿಶ್ಚಯಿಸಿದ ಮಾನವನ್ನು ವಿದ್ಯಾರ್ಥಿಗೆ ಮುಂದಾಗಿಯೇ ತಿಳಿಸಬೇಕು. ಹಾಗಿಲ್ಲದಿದ್ದರೆ ತೇರ್ಗಡೆಯು ಅವನ ಯೋಗ್ಯತೆಗಿಂತ, ಪ್ರಬಂಧವು ಯಾರ ಕೈಸೇರಿತೆಂಬ ಆಕಸ್ಮಿಕವನ್ನೇ ಹೆಚ್ಚಾಗಿ ಅವಲಂಬಿಸುವುದು.