ಎಂಜಿನ್ ಓಡಿದರಷ್ಟೇ ಉಳಿಯಿತೇ?

ಮಿರಜಿನಿಂದ ಕೊಲ್ಲಾಪುರಕ್ಕೆ 1891ರಲ್ಲಿ ಮೀಟರ್ ಗೇಜ್ ರೈಲು ಶುರುವಾಯಿತು. ಕೊಲ್ಲಾಪುರ ಸಂಸ್ಥಾನ ಹಾಕಿಸಿದ ಆ ಹಳಿಯ ಮೇಲೆ ಗಾಡಿ ಓಡಿಸಿದ್ದು ಸದರ್ನ್ ಮರಾಠಾ ರೈಲ್ವೆ. 1970ರ ದಶಕದ ಆರಂಭದಲ್ಲಿ ಈ ಮಾರ್ಗ ಬ್ರಾಡ್ ಗೇಜಾದಾಗ ಹಳೆಯ ಎಂಜಿನ್‌ಗಳಿಗೆ ಇಲ್ಲಿ ಕೆಲಸವಿಲ್ಲದಾಯಿತು. ಈ ರೈಲು ಶುರುವಾದ 1890ರ ದಶಕದ, ಮೀಟರ್ ಗೇಜಿನ ಎಂಜಿನ್ ನೋಡಬೇಕೆಂದರೆ ಈಗ ದಿಲ್ಲಿಯ ರಾಷ್ಟ್ರೀಯ ರೈಲು ಸಂಗ್ರಹಾಲಯಕ್ಕೆ ಹೋಗಬೇಕು. 1895ರಲ್ಲಿ ಅಜ್ಮೇರ್ ಕಾರ್ಯಾಗಾರ ಕಟ್ಟಿದ, ಭಾರತದಲ್ಲೇ ತಯಾರಾದ ಮೊದಲ ಉಗಿ ಎಂಜಿನ್ ಎಂದು ಹೆಸರಾದ ಎಫ್-734 ಅಲ್ಲಿದೆ. ಇಂಥದನ್ನು ಕಂಡವರು ಮೊದಲು ಕೇಳುವುದು ‘ಓಡುತ್ತದೆಯೇ?’ ಎಂದು. ಓಡದಿರುವುದೇ ಅದರ ಬೆಲೆ ಎಂಬುದು ನನ್ನ ವಾದ.

ಎಂಜಿನ್ ಒಂದೇ ದಿನ ಹುಟ್ಟಿ ಹಾಗೇ ಉಳಿಯುವ ವಸ್ತುವಲ್ಲ. ಕಾರ್ಯಾಗಾರಕ್ಕೆ ಹೋದಾಗಲೆಲ್ಲ ಚಕ್ರ, ಸಿಲಿಂಡರ್, ಬಾಯ್ಲರ್ ಬದಲಾಗುತ್ತವೆ. ಒಂದರ ಭಾಗ ಇನ್ನೊಂದಕ್ಕೆ ಸೇರುತ್ತದೆ. ಬ್ರಿಟನ್ನಿನ ಸ್ಟೀಫನ್‌ಸನ್ನರ ‘ರಾಕೆಟ್’ ಎಂಜಿನ್ 1829ರಲ್ಲಿ ಓಡಿದಾಗ ಅದರ ಸಿಲಿಂಡರುಗಳು ಕಡಿದಾಗಿ ಓರೆಯಾಗಿದ್ದವು. ಓಟದ ತೂರಾಟ ಕಡಿಮೆ ಮಾಡಲು ಸ್ವಲ್ಪ ಕಾಲದಲ್ಲೇ ಅವನ್ನು ಬಹುತೇಕ ಅಡ್ಡಕ್ಕೆ ಇಳಿಸಿದರು. ಈಗ ಉಳಿದಿರುವುದು ಆ ಬದಲಾದ ದೇಹವೇ. ‘ನಕ್ಷೆಗಳಿವೆಯಲ್ಲ, ಕಬ್ಬಿಣ ಯಾಕೆ?’ ಎನ್ನುವವರಿಗೆ ಇದೇ ಉತ್ತರ: ನಕ್ಷೆ ಹೇಳುವುದು ಕಟ್ಟಬೇಕೆಂದುಕೊಂಡದ್ದನ್ನು, ಕಬ್ಬಿಣ ಹೇಳುವುದು ನಡೆದದ್ದನ್ನು. ರಾಡಿನ ಮೇಲೆ ಕೊರೆದ ಎಂಜಿನ್ ಸಂಖ್ಯೆ ಆ ಭಾಗ ಎಲ್ಲಿಂದ ಬಂತೆಂದು ತಿಳಿಸಬಲ್ಲದು. ಬಾಯ್ಲರಿನೊಳಗೆ ಕಟ್ಟಿದ ಸುಣ್ಣದ ಪದರ ಅದು ಕುಡಿದ ಗಡಸು ನೀರಿನ ಕುರುಹು. ಆ ಪದರ ಬೆಂಕಿಯ ಕಾವು ನೀರಿಗೆ ದಾಟದಂತೆ ತಡೆಯುತ್ತದೆ, ಲೋಹ ಮಿತಿಮೀರಿ ಕಾಯುತ್ತದೆ, ಕಲ್ಲಿದ್ದಲು ದಂಡವಾಗುತ್ತದೆ. ಚಕ್ರದ ಅಂಚಿನ ಸವೆತದಿಂದ ತಿರುವುಗಳು ಅದನ್ನು ಎಷ್ಟು ತೇಯ್ದಿದ್ದವೆಂದು ಊಹಿಸಬಹುದು. ಮರಳು ಊದಿ ತುಕ್ಕು ಕಿತ್ತು ಹೊಳೆಯುವ ಕಪ್ಪು ಬಣ್ಣ ಬಳಿದರೆ ಇದರಲ್ಲಿ ಬಹುಪಾಲು ಅರ್ಧ ದಿನದಲ್ಲಿ ಮಾಯ.

‘ಯಂತ್ರ ಓಡಿದರೇ ಜೀವಂತ’ ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ. 1855ರಲ್ಲಿ ಲೀಡ್ಸ್‌ನಲ್ಲಿ ತಯಾರಾದ ‘ಫೇರಿ ಕ್ವೀನ್’ ಎಂಜಿನ್ 1997ರಲ್ಲಿ ಭಾರತದಲ್ಲಿ ಮತ್ತೆ ಹಳಿಗಿಳಿದಾಗ ಅದರ ಸದ್ದಿಗೆ ಬಂದ ಜನ ಯಾವ ಫಲಕಕ್ಕೂ ಬರುತ್ತಿರಲಿಲ್ಲ. ಆದರೆ ಮುಂದೆ ಅದರ ಬಿಡಿಭಾಗಗಳು ಕಳುವಾದವು. ಪೆರಂಬೂರಿನ ರೈಲ್ವೆ ಕಾರ್ಯಾಗಾರದಲ್ಲಿ ಹೊಸ ಭಾಗ ಮಾಡಿಸಿ ಕೂರಿಸಿದ ಮೇಲೆಯೇ 2017ರಲ್ಲಿ ಅದು ಪ್ರವಾಸಿಗರನ್ನು ಮತ್ತೆ ಎಳೆಯಿತು. ಕಳ್ಳತನ ಆಗದಿದ್ದರೂ ಭೌತಶಾಸ್ತ್ರ ಬಿಡುವುದಿಲ್ಲ. ಒತ್ತಡದಲ್ಲಿರುವ ಬಾಯ್ಲರಿನ ನೀರು ನೂರು ಡಿಗ್ರಿಗಿಂತ ಎಷ್ಟೋ ಹೆಚ್ಚು ಬಿಸಿ. ತಗಡು ಒಡೆದರೆ ಅದರಲ್ಲೊಂದು ಪಾಲು ಕ್ಷಣದಲ್ಲಿ ಉಗಿಯಾಗಿ ಸಿಡಿಯುತ್ತದೆ. ಹೀಗಾಗಿ ಸವೆದ ತಗಡನ್ನು, ಕೊಳವೆಯನ್ನು ಬದಲಿಸದೆ ಓಡಿಸುವಂತಿಲ್ಲ, ಬದಲಿಸುತ್ತ ಹೋದರೆ ಹಳೆಯದು ಉಳಿಯುವಂತಿಲ್ಲ. ರಾಕೆಟ್ಟಿನ ವಿಷಯದಲ್ಲಿ ಬ್ರಿಟನ್ ಹಿಡಿದ ದಾರಿ ನನಗೆ ಸರಿಯೆನಿಸುತ್ತದೆ: ಮೂಲದ ಅವಶೇಷ ಸಂಗ್ರಹಾಲಯದಲ್ಲಿ, ಓಡಲು 1979ರಲ್ಲಿ ಕಟ್ಟಿದ ಪ್ರತಿಕೃತಿ. ದುಬಾರಿ, ನಿಜ. ಆದರೆ ಪ್ರತಿಕೃತಿ ಕೆಟ್ಟರೆ ಇನ್ನೊಂದು ಮಾಡಬಹುದು.

ಈ ಮಾತು ರೈಲು ಎಂಜಿನ್‌ಗಳಿಗಷ್ಟೇ ಅಲ್ಲ. ಕೊಲ್ಲಾಪುರ ಸೀಮೆಯ ಯಾವುದಾದರೂ ಹಳೆಯ ಗಿರಣಿಯ ಅಂಗಳದಲ್ಲಿ ಹಳೆಯ ಬಾಯ್ಲರೋ ಚಕ್ರವೋ ಬಿದ್ದಿದ್ದರೆ, ಗುಜರಿಗೆ ತೂಗುವ ಮೊದಲು ಅದರ ಮೇಲಿನ ತಯಾರಕರ ಸಂಖ್ಯೆಯ ಫೋಟೊ ತೆಗೆಯಿರಿ. ಬಣ್ಣವನ್ನಂತೂ ಬಳಿಯಬೇಡಿ.